ಹಾಳೆಯ ಬಲಮೂಲೆ

ಬಣ್ಣ: ಬಿಳಿ
ಎಂದು ಬರೆದು ಹೊಡೆದುಹಾಕಿದ್ದಾನೆ ಅನ್ಸೆಲ್ಮೊ.
ಕೆಳಗೆ ಗುಲಾಬಿ. ಅದಕ್ಕೂ ಗೆರೆ.
ಅದರ ಕೆಳಗೆ, ಪೆನ್ಸಿಲ್ ಮುರಿಯುವಷ್ಟು ಒತ್ತಿ, ಕೆಂಪು.
ಒಂದೇ ಬೇಲಿಯವು, ಒಂದೇ ಗೊಂಚಲಿನವು.
ನನ್ನೆದುರು ಈಗ ಮೂರೂ ಕಂದು,
ಕಾಫಿ ಸೋಸಿದ ಬಟ್ಟೆಯ ಕಂದು.

ಲಾಸ್ ಬಾನ್ಯೋಸಿನ ಒಣಗಿಡಗಳ ಕೋಣೆಯಲ್ಲಿ
ಅಂಟು ಹಚ್ಚುವವಳು ನಾನು.
ಕಂಪ್ಯೂಟರಿಗೆ ಒಂದೇ ಪದ ಸಾಕು, ಫೆರ್ಮಿನಾ,
ಯಾವುದಾದರೂ ಒಂದು ಹಾಕು, ಅಂದರು ಮೇಡಂ.

ಓದಿದವಳಲ್ಲ; ಕೈಗೆ ಬಂದಷ್ಟು ಗೊತ್ತು.
ಎಲೆಗಳು ಎದುರುಬದುರು, ಜಗಳವಾಡಿದ ಜೋಡಿಯ ಹಾಗೆ.
ಹೂವಿನ ಕೊಳವೆ ನನ್ನ ನಡುಬೆರಳುದ್ದ,
ತುದಿಗೆ ಐದು ಎಸಳು,
ಹತ್ತು ಕೇಸರ, ಎರಡು ಸಾಲು.
ಮತ್ತೆ ಮುಳ್ಳು. ಅದು ಮುಳ್ಳಲ್ಲ.
ಎಲೆ ಉದುರುತ್ತದೆ, ತೊಟ್ಟಿನ ಬುಡ ಉದುರುವುದಿಲ್ಲ;
ಬಿಸಿಲುಂಡು, ಗಟ್ಟಿಯಾಗಿ, ಕೊಂಕಿ
ಬಳ್ಳಿಗೆ ಬೇಲಿ ಹಿಡಿಯುವ ಕೊಕ್ಕೆಯಾಗುತ್ತದೆ.
ಪಟ್ಟಿ ಎಳೆಯುವಾಗ ಹೆಬ್ಬೆರಳಿಗೆ ಚುಚ್ಚಿತು
ನಲವತ್ತು ವರ್ಷದ ಹಿಂದೆ ಬಿದ್ದ ಎಲೆ.

ನಮ್ಮೂರಲ್ಲಿ ಇದು ನಿಯೊಗ್-ನಿಯೊಗನ್, ತೆಂಗಿನಂಥದ್ದು.
ಐದು ಏಣಿನ ಕರಿಕಾಯಿ ಒಡೆದರೆ
ಒಳಗೆ ಕೊಬ್ಬರಿಯೆಂದು ನಂಬಿಸುವ ಬೀಜ.
ಹೊಟ್ಟೆಹುಳಕ್ಕೆಂದು ದೊಡ್ಡಮ್ಮ ಸಾಲಿಂಗ್
ತಿನ್ನಿಸಿ ಇಗರ್ಜಿಗೆ ಎಳೆದೊಯ್ದಳು;
ಪಾದ್ರಿ ರೊಟ್ಟಿ ಎತ್ತುವ ಹೊತ್ತಿಗೆ ಸರಿಯಾಗಿ
ಬಿಕ್ಕಳಿಕೆ. ಒಂದು, ಎರಡು, ಹನ್ನೊಂದು.
ಕೊನೆಯ ಬೆಂಚಿನವರೂ ಎಣಿಸಿದರು.

ಅನ್ಸೆಲ್ಮೊ ಬರೆದ ಹೆಸರು ಹಳೆಯದು: ಕ್ವಿಸ್‌ಕ್ವಾಲಿಸ್.
ಯಾರು? ಎಂಥದು? ಎಂದು ಅರ್ಥವಂತೆ.
ಹೆಸರಿಡಲು ಹೋದವನಿಗೆ ಪ್ರಶ್ನೆಯೇ ಸಾಕಾಯಿತು.
ಈಗ ಪಂಡಿತರು ಬೇರೆ ಕುಲಕ್ಕೆ ಸೇರಿಸಿದ್ದಾರೆ.
ಹೊಸ ಚೀಟಿಯನ್ನು ಪಕ್ಕದಲ್ಲಿ ಅಂಟಿಸಿದೆ;
ಹಳೆಯದನ್ನು ಕೀಳಬಾರದು, ಅದು ಇಲ್ಲಿಯ ನಿಯಮ.

ಅವನನ್ನು ನಾನು ಕಂಡಿಲ್ಲ.
ಯಾರ ಅಡುಗೆಮನೆಯ ಹಿಂದೆ ಮೂರು ದಿನ ಕೂತಿದ್ದ?
ದೋಣಿ ತಪ್ಪಿತ್ತೆ? ಯಾರೋ ಅನ್ನ ಇಟ್ಟರೆ?
ತಾರೀಖು ಮೂರೂ ಇವೆ. ಮಿಕ್ಕದ್ದಕ್ಕೆ ಕಾಲಮ್ಮಿಲ್ಲ.

ಸಂಜೆ ಜೀಪ್ನಿ ಇಳಿದು
ಹಲ್ಲಿನ ಡಾಕ್ಟರ ಬೇಲಿಯ ಬಳಿ ನಿಂತೆ.
ಬೀದಿದೀಪಕ್ಕೂ ಮೊದಲು ಮೊಗ್ಗು ಬಿಚ್ಚಿತು,
ಬೆಳ್ಳಗೆ, ಮಾಗಿದ ಹಣ್ಣಿನ ವಾಸನೆ.
ಪತಂಗವೊಂದು ಬಂತು; ಕೂರಲಿಲ್ಲ,
ಗಾಳಿಯಲ್ಲೇ ನಿಂತು ಸುರುಳಿ ನಾಲಿಗೆ ಬಿಚ್ಚಿ
ಕೊಳವೆಯ ತಳ ಮುಟ್ಟಿ ಹೋಯಿತು.
ನಿನ್ನೆಯ ಗುಲಾಬಿಯನ್ನು ಮೂಸಲಿಲ್ಲ.
ಮೊನ್ನೆಯ ಕೆಂಪು, ತಲೆ ತಗ್ಗಿಸಿ,
ಬೆಳಗಿನ ಜೇನುನೊಣಕ್ಕೆ ಕಾದಿತ್ತು.
ಯಾರನ್ನು ಕಾಯುತ್ತಿದ್ದೀಯಮ್ಮ, ಅಂದ ಕಾವಲುಗಾರ.
ಹೂವಿನ ಬಣ್ಣ ನೋಡುತ್ತಿದ್ದೇನೆ, ಅಂದೆ.
ಬೆಳಕಿರುವಾಗ ಬರಬಾರದೇ, ಅಂದ.

ಬೆಳಿಗ್ಗೆ ಕಾಲಮ್ಮಿನಲ್ಲಿ ಒತ್ತಿದೆ,
ನಡುವೆ ಜಾಗ ಬಿಡದೆ:
ಬಿಳಿಗುಲಾಬಿಕೆಂಪು.
ಒಂದೇ ಪದವೆಂದು ಯಂತ್ರ ನುಂಗಿತು.
ಮೇಡಂ ಇನ್ನೂ ನೋಡಿಲ್ಲ.