ಒಳಮುಖ

ಬರುವ ಹುಣ್ಣಿಮೆಯ ದೊಡ್ಡ ಇಳಿತಕ್ಕೆ
ದೊಮಿತಿಲಾ ಬಾರಿಯಾಳ ಮನೆ ನಡೆದು ಬರುತ್ತದೆ,
ಕ್ವಿಂಚಾವೊ ದ್ವೀಪದ ಆ ದಡದಿಂದ ಈ ದಡಕ್ಕೆ,
ಎಂಟು ಜೋಡಿ ಎತ್ತು, ಹಗ್ಗ ಹಿಡಿದ ಊರು,
ಹಸಿ ಮರಳ ಮೇಲೆ, ಕಿಟಕಿ ಬಾಗಿಲ ಸಮೇತ.
ಬಂದ ಮನೆಗೆ ಕೂರಲು ಮಣೆ ಹಾಕಬೇಕಲ್ಲ,
ಅದಕ್ಕೇ ಈ ಹನ್ನೆರಡು ಗುಂಡಿ.

ಎಲಿಯೊದೋರೊ ಜೀವಮಾನವಿಡೀ ದೋಣಿ ಕಟ್ಟಿದವನು,
ಸಿಮೆಂಟೆಂದರೆ ಮೂಗು ಮುರಿಯುತ್ತಾನೆ.
"ನೀರನ್ನು ಹೊರಗಿಡುವುದು ನನಗೆ ಗೊತ್ತು.
ಇದು ಒಳಗಿಡುವ ಕೆಲಸ. ತಿರುವುಮುರುವು ದೋಣಿ."

ಗೂಟ ಹೊಡೆದೆವು, ದಾರ ಬಿಗಿದೆವು,
ಮೂರು, ನಾಲ್ಕು, ಐದು ಅಳೆದು ಮೂಲೆ ಹಿಡಿದೆವು.
ಒಂದು ಕರ್ಣ ಬೆರಳಗಲ ಹೆಚ್ಚು ಬಂತು.
ಮತ್ತೆ ಗೂಟ ಕಿತ್ತೆವು, ಮತ್ತೆ ಬೈಗುಳ, ಮತ್ತೆ ಮಳೆ.
ರಸಮಟ್ಟದ ಗುಳ್ಳೆ ನಡುವೆ ಬಂದು ನಿಂತಾಗ
ಆತ ಉಸಿರು ಬಿಟ್ಟದ್ದು ನನಗೂ ಕೇಳಿತು.

ಹಲಗೆಗೆ ದುಡ್ಡಿರಲಿಲ್ಲ.
ಶೆಡ್ಡಿನ ಹಿಂದೆ ಬೋರಲು ಬಿದ್ದಿದ್ದ ತನ್ನದೇ ಹಳೇ ದೋಣಿಯನ್ನು
ಮೊಳೆ ಮೊಳೆಯಾಗಿ ಬಿಚ್ಚಿದ.
ಬಾಗಿದ್ದು ಒಲೆಗೆ, ನೇರ ಇದ್ದದ್ದು ನನ್ನ ಕೈಗೆ.
ಸಿಪ್ರೆಸ್ ಮರ, ಹಾಯಿ ಹರಿದು ಹದಿನೇಳು ವರ್ಷವಾದರೂ ಗಟ್ಟಿ,
ಮೂಸಿದರೆ ಉಪ್ಪು, ಡಾಂಬರು.
"ನುಣುಪು ಒಳಗೆ. ಹೊರಗಿಂದ ಒತ್ತು ಕೊಡು.
ಸಾಲದು, ಇನ್ನೂ ಕೊಡು.
ಹಸಿ ಕಾಂಕ್ರೀಟೆಂದರೆ ಕಟ್ಟಿಹಾಕಿದ ಹೋರಿ,
ಮೊದಲು ಬುಡಕ್ಕೇ ಗುಮ್ಮುತ್ತದೆ."
ಒಳಮೈಗೆಲ್ಲ ಎಣ್ಣೆ ಸವರಿದೆ,
ಕೂಸಿನ ಬೆನ್ನಿಗೆ ಸವರುವ ಹಾಗೆ.

ಸುರಿದೆವು. ಸರಳಿನಿಂದ ಕುಟ್ಟಿದೆವು.
ಏಳನೆಯದರಲ್ಲಿ ಒಂದು ಹಲಗೆ ಹೊಟ್ಟೆ ಬಿಟ್ಟಿತು.
ಅದಕ್ಕೆ ಬೆನ್ನು ಕೊಟ್ಟು ಕೂತ ಮುದುಕ
ಕತ್ತಲಾದರೂ ಏಳಲಿಲ್ಲ.
ನಾನು ಆಲೂಗಡ್ಡೆ ಸುಟ್ಟು ತಂದುಕೊಟ್ಟೆ,
ಕೂತಲ್ಲೇ ತಿಂದ.

ನಾಲ್ಕನೆಯ ದಿನ ಹಲಗೆ ಕಳಚಿದರೆ
ಕಲ್ಲಿನ ಮೈತುಂಬ ಮರದ ಎಳೆ, ಮರದ ಗಂಟು,
ಮೊಳೆ ಹೋದ ತೂತಿಗೆಲ್ಲ ಎಳ್ಳಿನಂಥ ಉಬ್ಬು.
ಏಳನೆಯದರ ಪಕ್ಕೆಯಲ್ಲಿ ಅಕ್ಷರ,
ಬಲದಿಂದ ಎಡಕ್ಕೆ, ಕನ್ನಡಿಯೊಳಗೆ ಬರೆದಂತೆ:
ಗ್ರಿಸೆಲ್ದಾ.

ದೋಣಿಯ ಹೆಸರೋ, ಹೆಂಗಸಿನದೋ,
ಕೇಳಲು ಬಾಯಿ ತೆರೆದೆ.
ಆತ ಸಲಿಕೆ ಕೊಟ್ಟ.
"ಇದು ಅಡುಗೆಮನೆಯ ಮೂಲೆಗೆ ಬರುವುದು," ಅಂದ,
"ಬೆಚ್ಚಗಿರುತ್ತದೆ."

ಮಣ್ಣೆಳೆದೆ.
ಕೊಲ್ಲಿಯ ನೀರು ಅಲ್ಲೇ ಇತ್ತು, ಇಳಿದಿರಲಿಲ್ಲ.
ಆತ ಕಲ್ಲಿನ ಮೇಲೆ ಕೂತು
ಡೊಂಕಾದ ಮೊಳೆಗಳನ್ನು ಒಂದೊಂದಾಗಿ
ಬಡಿದು ನೆಟ್ಟಗೆ ಮಾಡುತ್ತಿದ್ದ.