ಆಟ

ರಮ್ಸ್ ಊರಿನ ಖೋರಿನ ದಡದಲ್ಲಿ ಟ್ರೈಲರಿನ ಮೇಲೆ
ಉಬೈದನ ದೋಣಿ. ಹದಿನೆಂಟು ಅಡಿ,
ಹಿಂದೆ ನಲವತ್ತು ಕುದುರೆಯ ಯಮಹಾ,
ಬದಿಗೆಲ್ಲ ತಂತಿಬುಟ್ಟಿ ಎಳೆದೆಳೆದು ಬಿದ್ದ ಗೀರು.
"ಸುಕ್ಕಾನ್ ಸಡಿಲ," ಅಂದ, ಅರಬಿಯಲ್ಲಿ.
ಚುಕ್ಕಾಣಿ, ಎಂದೇ ಕೇಳಿತು ನನಗೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಹಿಂದಿಯ ಸಂಕ ಹತ್ತದೆ
ಒಂದು ಮಾತು ನೇರ ಈಜಿ ಬಂತು.

"ಚಕ್ರ ಹಿಡಿ," ಅಂದೆ ಶಫೀಕುಲನಿಗೆ, "ಉಸಿರೂ ಬಿಡಬೇಡ."
ಹಿಂದೆ ಹೋಗಿ ಇಂಜಿನ್ನಿನ ಹೆಗಲು ಹಿಡಿದು ಅಲುಗಿಸಿದೆ.
ಟಕ್.
ಟಕ್.
ಮೂರು ಬೆರಳಗಲ ಆಟ.
ಆಟ ಅನ್ನುತ್ತೇವೆ ಇದಕ್ಕೆ ನಾವು, ಸ್ಪ್ಯಾನರು ಹಿಡಿದವರು;
ಆಡುವವರಿಲ್ಲ, ಗೆಲ್ಲುವವರೂ ಇಲ್ಲ,
ಲೋಹ ಲೋಹವನ್ನು ತಿಂದು ಮಾಡಿಕೊಂಡ ಖಾಲಿ ಜಾಗ.

ಗಂಗೊಳ್ಳಿಯ ಶೆಡ್ಡಿನಲ್ಲಿ ಬೈರ ಖಾರ್ವಿ ಹೇಳುತ್ತಿದ್ದ:
ದೂರು ಚಕ್ರದ್ದು, ತಪ್ಪು ಬಾಲದ್ದು ಮಾರಾಯ,
ಹಿಂದಿನಿಂದ ಹುಡುಕಿಕೊಂಡು ಬಾ.
ಹಾಗೇ ಬಂದೆ.
ಕೇಬಲ್ಲಿನ ತುದಿಯ ಬೋಲ್ಟು ಸವೆದು ಸೊಂಟ ಸಣ್ಣಗಾಗಿತ್ತು.
ದುಂಡಗಿರಬೇಕಾದ ತೂತು ಮೊಟ್ಟೆಯಾಗಿತ್ತು.
ಕೊಳವೆಯೊಳಗೆ ಗ್ರೀಸು, ಉಪ್ಪು ಸೇರಿ
ಹಳೇ ಬೆಲ್ಲದ ಹಾಗೆ ಕಲ್ಲು;
ಸೀಮೆಎಣ್ಣೆ ಬಿಟ್ಟು, ಕಡ್ಡಿ ಹಾಕಿ,
ಮಧ್ಯಾಹ್ನದ ಬಾಂಗಿನಿಂದ ಸಂಜೆಯ ಬಾಂಗಿನವರೆಗೆ ಕೆರೆದೆವು.
ಜುಲೈ ತಿಂಗಳು. ಸ್ಪ್ಯಾನರು ಮುಟ್ಟಲು ಒದ್ದೆ ಗೋಣಿ ಬೇಕು.
ಹೊಸ ಬುಶ್ಶು ಎರಡು, ಬೋಲ್ಟು ಒಂದು,
ನೈಲಾನ್ ಕಂಠದ ನಟ್ಟು ಕೊನೆಯ ಎಳೆಯವರೆಗೆ.
ಮತ್ತೆ ಅಲುಗಿಸಿದೆ: ಮೌನ.
ಆ ಮೌನಕ್ಕೆ ಶಫೀಕುಲ ಚಪ್ಪಾಳೆ ತಟ್ಟಿದ.

ಮರುದಿನ ಬೆಳಿಗ್ಗೆಯೇ ಉಬೈದ
ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದ.
ಖೋರಿನ ಬಾಯಿಯಲ್ಲಿ ಗುರುತಿನ ಕಂಬಕ್ಕೆ ಸವರಿ,
ಕಾಂಡ್ಲ ಗಿಡಕ್ಕೆ ಮೂತಿ ತುರುಕಿ ನಿಂತಿತಂತೆ ದೋಣಿ.
"ನಾನು ಹೇಳುವ ಮೊದಲೇ ಕೇಳಿಸಿಕೊಳ್ಳುತ್ತದೆ," ಅಂದ,
ಸಿಟ್ಟೋ, ಹೆದರಿಕೆಯೋ, ತಿಳಿಯಲಿಲ್ಲ.
ಅವನ ಕೈ ನೋಡಿದೆ.
ಆರು ವರ್ಷ ಆ ಮೂರು ಬೆರಳಿನ ಲೆಕ್ಕ
ಅದು ಯಾರಿಗೂ ಹೇಳದೆ ತುಂಬುತ್ತಾ ಬಂದಿತ್ತು:
ತಿರುವಿಗೆ ಮೊದಲೇ ತಿರುಗಿ,
ಅಲೆಗೆ ಮೊದಲೇ ಬಾಗಿ.
ಸಾಲ ತೀರಿದ್ದು ಗೊತ್ತಿಲ್ಲದೆ
ಇವತ್ತೂ ಕಂತು ಕಟ್ಟಿತ್ತು ಕೈ.

"ಒಂದು ವಾರ. ಕೈ ಕಲಿಯುತ್ತದೆ," ಅಂದೆ.
"ಈ ಕೈಗೆ ಅರವತ್ತೆಂಟು," ಅಂದ.

ಎಷ್ಟು ಬಿಡಲಿ?
ಹೆಬ್ಬೆರಳು, ತೋರುಬೆರಳು ಹತ್ತಿರ ತಂದು ತೋರಿಸಿದ,
ನಡುವೆ ಒಂದು ಅಕ್ಕಿಕಾಳು ಹಿಡಿಯುವಷ್ಟು ಬೆಳಕು.
ಸುಕ್ಕಾನಿಗೂ ಚುಕ್ಕಾಣಿಗೂ ನಡುವೆ ಇರುವಷ್ಟೇ.
ನಟ್ಟು ಕಾಲು ಸುತ್ತು ಹಿಂದೆ ತಿರುಗಿಸಿದೆ;
ನಿಜ ಹೇಳಿದರೆ ಅಷ್ಟೂ ಇಲ್ಲ.
ಅವನು ಚಕ್ರ ಹಿಡಿದು ಕಣ್ಣು ಮುಚ್ಚಿ
ಆಚೆ ಒಮ್ಮೆ, ಈಚೆ ಒಮ್ಮೆ ತೂಗಿ ನೋಡಿದ,
ಹಾಲು ಕರೆಯುವ ಮೊದಲು ಕೆಚ್ಚಲು ಮುಟ್ಟುತ್ತಾರಲ್ಲ, ಹಾಗೆ.
"ತಮಾಮ್."

ಚೀಟಿ ಬರೆದೆ: ಬುಶ್ಶು, ಬೋಲ್ಟು, ನಟ್ಟು, ಗ್ರೀಸು, ಕೂಲಿ.
ಸಡಿಲಕ್ಕೆ ದುಡ್ಡು ಹಾಕಲಿಲ್ಲ.
ಅವನು ಇಪ್ಪತ್ತು ದಿರಹಂ ಕಡಿಮೆ ಕೊಟ್ಟು,
ಎರಡು ಶೇರಿ ಮೀನು ಜಾಸ್ತಿ ಕೊಟ್ಟು ಹೋದ.