ಮೂರು ಗುಡ್ಡೆ

ಕುತಾಯಿಸಿಯ ಲಾರಿ ಕಾರ್ಖಾನೆಯಲ್ಲಿ ನನ್ನ ಕೆಲಸ
ಬೋಲ್ಟು ಆರಿಸುವುದು.
ಅಳತೆಯ ಉಂಗುರದಲ್ಲಿ ತೂರಿದರೆ ಈ ಡಬ್ಬಿ,
ತೂರದಿದ್ದರೆ ಆ ಡಬ್ಬಿ.
ಒಂಬತ್ತು ವರ್ಷ. ಬೆರಳಿಗೇ ಕಣ್ಣು ಬಂದಿತ್ತು.
ಕಾರ್ಖಾನೆ ಮುಚ್ಚಿದ ವರ್ಷ ಮದುವೆಯಾಗಿ
ಲೆಚ್ಖುಮಿಯ ಈ ಗುಡ್ಡ ಹತ್ತಿದೆ.
ಕೆಳಗೆ ಕುದುರೆನೀರು ಎಂಬ ಹೊಳೆ,
ಹೆಸರಿಗೆ ತಕ್ಕ ಕೆನೆತ.

ಅತ್ತೆ ಮಕ್ವಲಾ. ಮಾತು ಕಡಿಮೆ.
ಮನೆಯ ಹಿಂದೆ ಕಾಲು ಎಕರೆಯಷ್ಟು ಇಳಿಜಾರು,
ಅಲ್ಲಿ ಜಂದುರಿ ಗೋಧಿ:
ಪೇಟೆಯಲ್ಲಿ ಸಿಗದ್ದು, ಎಷ್ಟು ಕುಟ್ಟಿದರೂ
ಹೊಟ್ಟು ಬಿಡದ ಹಟಮಾರಿ.

ಆಗಸ್ಟಿನಲ್ಲಿ ಶ್ನಾಕ್ವಿ ಕೊಟ್ಟಳು ಕೈಗೆ:
ಒಂದು ತುದಿಗೆ ಹುರಿ ಬಿಗಿದ ಎರಡು ಕೋಲು, ಅಷ್ಟೆ.
ತೆನೆಗಳ ಕುತ್ತಿಗೆಯನ್ನು ನಡುವೆ ಹಿಡಿದು
ಮೇಲಕ್ಕೆ ಜಗ್ಗಬೇಕು. ಟಕ್ ಟಕ್ ಟಕ್.
ತೆನೆ ಬುಟ್ಟಿಗೆ; ಹುಲ್ಲು ನಿಂತಲ್ಲೇ ನಿಂತಿರುತ್ತದೆ
ತಲೆ ಹೋದದ್ದು ಇನ್ನೂ ತಿಳಿಯದವರ ಹಾಗೆ.
ಮೊದಲ ದಿನವೇ ಬೊಬ್ಬೆ ಎದ್ದವು. ಮಾವ ದೊಮೆಂತಿ
ಅಂಗೈಗೆ ಹಂದಿಕೊಬ್ಬು ಸವರಿ ನಕ್ಕ.

ಆ ಚಳಿಗಾಲ ಕರೆಂಟಿರಲಿಲ್ಲ; ದೇಶಕ್ಕೇ ಇರಲಿಲ್ಲ.
ಬಿತ್ತನೆಗೆಂದು ತೆಗೆದಿಟ್ಟ ತೆನೆಗಳ ಚೀಲ
ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು.
ದೀಪದ ಬೆಳಕಲ್ಲಿ ಸುಮ್ಮನೆ ಒಂದು ಹಿಡಿ ಹರವಿದೆ.
ಅಯ್ಯೋ, ಕಲಬೆರಕೆ!
ಕೆಲವು ತೆನೆ ಸಣಕಲು, ಸಿಪ್ಪೆಗೊಂದೇ ಕಾಳು: ಗ್ವಾತ್ಸಾ.
ಕೆಲವು ಚಪ್ಪಟೆ, ದಟ್ಟ, ಜೋಡಿಕಾಳು: ಚೆಲ್ತಾ.
ಮತ್ತೆ ಅಲ್ಲೊಂದು ಇಲ್ಲೊಂದು, ಎರಡಕ್ಕೂ ಸೇರದ್ದು,
ಎರಡಕ್ಕಿಂತ ತುಸು ದೊಡ್ಡದು, ಹೆಸರಿಲ್ಲದ್ದು.

ಬೆರಳಿಗೆ ಹಳೆಯ ಕೆಲಸ ನೆನಪಾಯಿತು.
ಡಿಸೆಂಬರ್, ಜನವರಿ, ಫೆಬ್ರವರಿಯ ಅರ್ಧ.
ಮೇಜಿನ ಮೇಲೆ ಮೂರು ಗುಡ್ಡೆ.
ಇಷ್ಟು ಹಸನಾದ ಬಿತ್ತನೆ ಈ ಮನೆ ಕಂಡಿರಲಾರದು
ಎಂದುಕೊಂಡೆ; ಯಾರಾದರೂ ಹೊಗಳಲಿ ಎಂದು
ದೀಪದ ಕುಡಿ ಕೊಂಚ ಏರಿಸಿದೆ.

ಮಕ್ವಲಾ ಬಂದಳು. ನಿಂತಳು. ಕನ್ನಡಕ ಹುಡುಕಲಿಲ್ಲ.
ಮೂರನೆಯ ಗುಡ್ಡೆಯಿಂದ ಒಂದು ತೆನೆ ಎತ್ತಿ
ನನ್ನ ಕೆನ್ನೆಗೆ ತಾಗಿಸಿದಳು, ಸುಂಕು ಚುಚ್ಚುವ ಹಾಗೆ.
"ಇದಕ್ಕೆ ಅಪ್ಪನ ಮೂಗು, ಅಮ್ಮನ ಗದ್ದ.
ರಾತ್ರಿಯೆಲ್ಲ ಕೂತು ಕೂಸನ್ನು ಬೇರೆ ಮಾಡಿದೆಯಾ?"
ಆಮೇಲೆ ತೋಳಿನ ಅಂಚಿನಿಂದ, ಎಂಜಲು ಬಳಿಯುವಂತೆ,
ಒಂದೇ ಬೀಸಿಗೆ ಮೂರನ್ನೂ ಕಲೆಸಿ
ಚೀಲಕ್ಕೆ ಸುರಿದಳು.
ಎಪ್ಪತ್ತು ರಾತ್ರಿ.
ನಾನು ಅತ್ತದ್ದು ಹಸುಗಳಿಗೆ ಮಾತ್ರ ಗೊತ್ತು.

ಮಾರ್ಚಿನಲ್ಲಿ ಬಿತ್ತಿದೆವು. ಒಂದು ವರ್ಷ ಮಳೆ ಹೆಚ್ಚಾಗಿ
ಸಣಕಲು ಮಲಗಿತು, ದಟ್ಟನೆಯದು ನಿಂತಿತು.
ಮತ್ತೊಂದು ವರ್ಷ ಹಾಗಲ್ಲ. ಇನ್ನೊಂದು ವರ್ಷ
ಎರಡೂ ಸೊರಗಿ, ನಡುವೆ ಆ ಹೆಸರಿಲ್ಲದ್ದು
ಊಟಕ್ಕೆ ಸಾಲದಿದ್ದರೂ ಬಿತ್ತನೆಗೆ ಆಯಿತು.
ಅವಳು ಯಾವ ವರ್ಷವೂ "ನೋಡಿದೆಯಾ" ಎನ್ನಲಿಲ್ಲ.
ಎಂದಿದ್ದರೆ ಚೆನ್ನಾಗಿತ್ತು.

ಈಗ ಅವಳಿಲ್ಲ. ಶ್ನಾಕ್ವಿಯ ಹುರಿ ಎರಡು ಸಲ ಬದಲಾಗಿದೆ,
ಕೋಲು ಅವೇ.
ನಿನ್ನೆ ತ್ಬಿಲಿಸಿಯ ಬೀಜಭಂಡಾರದಿಂದ
ತಾತುಲಿ ಎಂಬ ಹುಡುಗಿ ಒಂದು ಹಿಡಿ ಕೇಳಿಕೊಂಡು ಬಂದಳು.
ಅವಳ ಕಾಗದದಲ್ಲಿ ತಳಿಯ ಹೆಸರಿಗೆ ಒಂದೇ ಗೆರೆ.
ಪೆನ್ನು ಹಿಡಿದು ನನ್ನ ಮುಖ ನೋಡಿದಳು;
ಆಮೇಲೆ ಮೇಜಿನ ಮೇಲೆ ತೆನೆ ಹರವಿ
ಉಗುರಿನಲ್ಲಿ ಒಂದೊಂದೇ ಸರಿಸತೊಡಗಿದಳು,
ಇದು ಇತ್ತ, ಇದು ಅತ್ತ.

ನನ್ನ ತೋಳು ತಾನಾಗಿ ಎದ್ದಿತು.
ಇಳಿಸಿದೆ.
ನನಗೆ ಒಂದು ಚಳಿಗಾಲವೇ ಹಿಡಿದಿತ್ತು;
ಅವಳಿಗೂ ಒಂದು ಮಧ್ಯಾಹ್ನ ಇರಲಿ.
ಒಲೆಗೆ ಕಟ್ಟಿಗೆ ಒಟ್ಟಿ ರೊಟ್ಟಿ ತಟ್ಟಲು ಕೂತೆ.
ಮೂರನೆಯ ಗುಡ್ಡೆಯ ಹತ್ತಿರ ಅವಳ ಬೆರಳು
ತಡವರಿಸುವುದು ಇಲ್ಲಿಗೇ ಕೇಳಿಸುತ್ತಿತ್ತು.